ಮೂರು ಸೊನ್ನೆಯ ಪತ್ತೇದಾರ

ತ್ಯಾಗರಾಜನಗರದಲ್ಲಿ ನಾವು ಮೂರು ಜನ ಬಾಡಿಗೆಗಿರುವ ಮಹಡಿ ಕೋಣೆಯಲ್ಲಿ ಮೊಟ್ಟೆ ಬೇಯಿಸುವುದೆಂದರೆ ಅದೊಂದು ಗುಪ್ತ ಕಾರ್ಯಾಚರಣೆ. ಒಬ್ಬ ಕಿಟಕಿ ಹಾಕ್ತಾನೆ. ಒಬ್ಬ ಊದುಬತ್ತಿ ಹಚ್ತಾನೆ. ಮೂರನೆಯವನು ಮೆಟ್ಟಿಲ ತುದಿಯಲ್ಲಿ ನಿಂತು ಕೆಳಗಿನ ಮನೆಯವರ ಚಪ್ಪಲಿ ಸದ್ದಿಗೆ ಕಿವಿಗೊಡ್ತಾನೆ. ತಿಂದಾದ ಮೇಲೆ ಸಿಪ್ಪೆಯನ್ನು ಪೇಪರಿನಲ್ಲಿ ಸುತ್ತಿ, ಬ್ಯಾಗಿನ ತಳದಲ್ಲಿ ಪುಸ್ತಕಗಳ ಕೆಳಗೆ ಇಟ್ಟುಕೊಂಡು, ನೆಟ್ಟಕಲ್ಲಪ್ಪ ಸರ್ಕಲ್ಲು ದಾಟಿದ ಮೇಲೆ ಎಲ್ಲಾದರೂ ಹಾಕಿ ಬರಬೇಕು. ಒಣಮೀನಿನ ಮಾತು ಬಿಡಿ, ಅದು ನಮ್ಮಂಥ ಕಿರಿಯ ಏಜೆಂಟರ ಕೈಮೀರಿದ್ದು.

ಈ ಕೋಣೆ ಸಿಗುವ ಮುಂಚೆ ಹನ್ನೊಂದು ಮನೆಗಳ ಗೇಟು ತಟ್ಟಿದ್ದೆವು. ಒಂದು ಮನೆಯ ಯಜಮಾನರು 'ನಮ್ಮಲ್ಲಿ ಜಾತಿಗೀತಿ ಏನೂ ಇಲ್ಲಪ್ಪಾ, ಕಾಲ ಬದಲಾಗಿದೆ' ಅಂದವರು ಅದೇ ಉಸಿರಿನಲ್ಲಿ 'ನಿಮ್ಮ ಮನೆದೇವರು ಯಾವುದು?' ಅಂದರು. ಊರು ಯಾವುದು, ಅಪ್ಪನ ಹೆಸರೇನು, ಮನೆದೇವರು ಯಾರು, ಮದುವೆಯಲ್ಲಿ ಏನು ಅಡಿಗೆ ಮಾಡಿಸ್ತೀರಿ. ಈ ನಾಲ್ಕು ಪ್ರಶ್ನೆಯಲ್ಲಿ ಒಬ್ಬ ಮನುಷ್ಯನ ಏಳು ತಲೆಮಾರನ್ನು ಬಗೆದು ತೆಗೆಯುವ ಪತ್ತೇದಾರರು ಜಗತ್ತಿನ ಬೇರೆ ಯಾವ ಇಲಾಖೆಯಲ್ಲೂ ಇಲ್ಲ. ನಾವು 'ಮಲೆ ಮಾದಪ್ಪ' ಅಂದೆವು. ಮಾದಪ್ಪ ನಮ್ಮ ಸೀಮೆಯಲ್ಲಿ ಎಲ್ಲ ಜಾತಿಗೂ ದೇವರು. ಅವರ ಪತ್ತೇದಾರಿಕೆ ಅಲ್ಲೇ ಮುಗ್ಗರಿಸಿತು. ಆದರೂ ಆ ಮನೆ ನಮಗೆ ಸಿಗಲಿಲ್ಲ ಅನ್ನೋದು ಬೇರೆ ಮಾತು.

2024ರ ಏಪ್ರಿಲ್ 16ರಂದು ದ್ವಾರಕೀಶ್ ತೀರಿಕೊಂಡರು. ಆ ರಾತ್ರಿ ಅವರ ಹಾಡು, ತುಣುಕುಗಳು ಫೋನಿನಲ್ಲಿ ಒಂದರ ಹಿಂದೊಂದು ಬರತೊಡಗಿದವು. ಅವುಗಳಲ್ಲಿ 1972ರ 'ಕುಳ್ಳ ಏಜೆಂಟ್ 000' ಚಿತ್ರದ್ದೂ ಇತ್ತು. ಕಿಟಕಿ ಹಾಕಿ, ಊದುಬತ್ತಿ ಹಚ್ಚಿ, ಸದ್ದು ಇಳಿಸಿಕೊಂಡು ಕೂತಿದ್ದ ನಮಗೆ ಇದ್ದಕ್ಕಿದ್ದ ಹಾಗೆ ನಗು ಬಂತು. ತೆರೆಯ ಮೇಲೆ ಕುಳ್ಳ ಏನೋ ಮಾಡಿದ ಅಂತಲ್ಲ. ಅಲ್ಲಿ ಮೂರು ಸೊನ್ನೆ, ಇಲ್ಲಿ ನಾವು ಮೂರು ಜನ. ಆ ನಂಬರು ನಮ್ಮದೇ ಅನ್ನಿಸಿಬಿಟ್ಟಿತು.

'ಸಂಸ್ಕಾರ'ದ ಮೇಲೆ ಪುಟಗಟ್ಟಲೆ ಬರೆದ ನಮ್ಮ ವಿಮರ್ಶಕರು ಇಂಥ ಚಿತ್ರಗಳನ್ನು ಮೂಸಿಯೂ ನೋಡಲಿಲ್ಲ. ಅಗ್ಗದ ಮನರಂಜನೆ ಅಂತ ಒಂದು ಮಾತಿನಲ್ಲಿ ಮುಗಿಸಿದರು. ಆದರೆ ಪ್ರಾಣೇಶಾಚಾರ್ಯರ ತೊಳಲಾಟ ನೋಡೋಕೆ ನಮ್ಮ ಕೇರಿಯಿಂದ ಯಾರೂ ಗಾಡಿ ಕಟ್ಟಿಕೊಂಡು ಹೋಗಲಿಲ್ಲ, ಕುಳ್ಳನ್ನ ನೋಡೋಕೆ ಹೋದರು. ಪತ್ತೇದಾರನನ್ನು ಅಣಕ ಮಾಡುವ ಚಿತ್ರ ನೋಡಿ ಜನ ಯಾಕೆ ನಗ್ತಾರೆ? ನಮ್ಮ ಜನ ಯಾಕೆ ನಗ್ತಾರೆ? ಎರಡೂ ಒಂದೇ ನಗುವೋ, ಬೇರೆಬೇರೆಯೋ? ಇದನ್ನು ಕೇಳಿಕೊಳ್ಳದೆ ಅಗ್ಗ ಅಂದುಬಿಡುವುದು ಮಡಿವಂತಿಕೆಯೇ ಹೊರತು ವಿಮರ್ಶೆಯಲ್ಲ.

ಮೊದಲು ಅಣಕಕ್ಕೆ ಗುರಿಯಾದವನು ಯಾರು ಅಂತ ನೋಡೋಣ. ಇಯಾನ್ ಫ್ಲೆಮಿಂಗ್ ಜೇಮ್ಸ್ ಬಾಂಡನ ಮೊದಲ ಕಾದಂಬರಿ ಬರೆದು ಪ್ರಕಟಿಸಿದ್ದು 1953ರಲ್ಲಿ, ಮೊದಲ ಸಿನಿಮಾ ಬಂದದ್ದು 1962ರಲ್ಲಿ. ಅಷ್ಟರಲ್ಲಿ ಬ್ರಿಟಿಷರ ಕೈಯಿಂದ ಇಂಡಿಯಾ ಹೋಗಿತ್ತು, ಸೂಯೆಜ್ ಹೋಗಿತ್ತು, ಆಫ್ರಿಕಾ ಒಂದೊಂದೇ ತುಂಡಾಗಿ ಜಾರುತ್ತಿತ್ತು. ಆಗ ಹುಟ್ಟಿದ ಕನಸು ಇದು: ಲಂಡನ್ನಿನ ಒಬ್ಬ ಮನುಷ್ಯ ಸೂಟು ಹಾಕ್ಕೊಂಡು ಹೊರಟರೆ ಜಗತ್ತೇ ಅವನ ಮುಷ್ಟಿಯಲ್ಲಿ! ದೇವರಾಜ ಅರಸರ 1974ರ ಭೂಸುಧಾರಣೆಯಲ್ಲಿ ಗೇಣಿ ಜಮೀನು ಕಳಕೊಂಡ ಮೇಲೂ ಜಗಲಿ ಮೇಲೆ ಕೂತು ಮೀಸೆ ತಿರುವುತ್ತಾ, ಹಾದು ಹೋಗುವವರನ್ನೆಲ್ಲ 'ಲೋ' ಅಂತ ಕರೆಯುವ ಗೌಡರನ್ನು ನಮ್ಮ ಹಿರಿಯರು ಕಂಡಿದ್ದಾರೆ. ಬಾಂಡ್ ಅಂದರೆ ಆ ಗೌಡರ ಕನಸಿನಂಥ ಒಂದು ಕನಸು. ಕೊಲ್ಲುವುದಕ್ಕೆ ಅವನಿಗೆ ಲೈಸೆನ್ಸು ಬೇರೆ ಇದೆಯಂತೆ. ನಮ್ಮ ಗೌಡರು ಲೈಸೆನ್ಸು ಕೇಳಿದ್ದನ್ನು ನಾವು ಕಾಣೆವು.

ಬಾಂಡನ ಇನ್ನೊಂದು ತಮಾಷೆ ನೋಡಿ. ಗೂಢಚಾರ ಅನ್ನಿಸಿಕೊಂಡವನು ಹೋದಲ್ಲೆಲ್ಲ ತನ್ನ ಹೆಸರನ್ನು ತಾನೇ ಹೇಳಿಕೊಳ್ತಾನೆ, ಅದೂ ಮನೆತನದ ಹೆಸರನ್ನು ಎರಡೆರಡು ಸಲ! ಗುಟ್ಟು ಕಾಯಬೇಕಾದವನಿಗೆ ಮನೆತನ ಮುಚ್ಚಿಡುವ ಅಗತ್ಯವೇ ಇಲ್ಲ. ಅವನ ಹೆಸರು ಎಲ್ಲ ಬಾಗಿಲನ್ನೂ ತೆರೆಯುತ್ತದೆ. ಇಲ್ಲಿ ನಾವು ಯಾವ ಗುಟ್ಟೂ ಇಲ್ಲದ ಗುಮಾಸ್ತೆಗಳು, ಪಾಠ ಹೇಳುವವರು, ಕೆಲಸ ಹುಡುಕುವವರು. ಆದರೆ ಅಪ್ಪನ ಹೆಸರು ಹೇಳುವಾಗ ನಾಲಗೆ ತಡವರಿಸುತ್ತದೆ. ಬಾಂಡನನ್ನು ಅಣಕಿಸುವ ಚಿತ್ರಗಳು ಎಲ್ಲ ಕಡೆಯೂ ಮೊದಲು ಕೈಹಾಕುವುದು ಈ ಜಂಬಕ್ಕೇ. ಅಮೆರಿಕದವರ 'ಆಸ್ಟಿನ್ ಪವರ್ಸ್' (1997), ಇಂಗ್ಲಿಷರು ತಮ್ಮನ್ನು ತಾವೇ ಗೇಲಿ ಮಾಡಿಕೊಂಡ 'ಜಾನಿ ಇಂಗ್ಲಿಷ್' (2003), ಯಾವುದೇ ನೋಡಿ, ಎದೆ ಸೆಟೆಸಿ ಬಂದವನು ಬಾಗಿಲಿಗೆ ತಲೆ ಹೊಡಕೊಳ್ತಾನೆ. ಜನ ನಗ್ತಾರೆ. ದೊಡ್ಡವನು ಬಿದ್ದರೆ ಯಾರಿಗೆ ನಗು ಬರಲ್ಲ?

ಆದರೆ ಕನ್ನಡದಲ್ಲಿ ಕತೆ ಇಷ್ಟು ಸರಳ ಅಲ್ಲ. ಇಲ್ಲಿ ಪತ್ತೇದಾರ ಮೇಲಿನಿಂದ ಇಳಿದು ಬಂದವನಲ್ಲ. ಕನ್ನಡದ ಮನೆಮನೆಗೆ ಪತ್ತೇದಾರ ಪುರುಷೋತ್ತಮನನ್ನು ಮುಟ್ಟಿಸಿದ ಎನ್. ನರಸಿಂಹಯ್ಯ ಓದಿದ್ದು ನಾಲ್ಕನೆಯ ಇಯತ್ತೆ. ನೂರಾರು ಕಾದಂಬರಿ ಬರೆದರು. ಅಕ್ಷರ ಕೂಡಿಸಿ ಓದಲು ಈಗಷ್ಟೆ ಕಲಿತಿದ್ದ ಜನ ಅವರ ಪುಸ್ತಕಕ್ಕೆ ಕಾಯುತ್ತಿದ್ದರು. ತೆರೆಯ ಮೇಲೆ ಆ ಸೂಟು ತೊಟ್ಟವರು ಎಳವೆಯಲ್ಲೇ ಶಾಲೆ ಬಿಟ್ಟು ನಾಟಕದ ಕಂಪನಿ ಸೇರಿದ ರಾಜಕುಮಾರ್. 1968ರಲ್ಲಿ ದೊರೆ-ಭಗವಾನ್ ಜೋಡಿಯ 'ಜೇಡರ ಬಲೆ' ಬಂತು. ಅದೇ ವರ್ಷ 'ಗೋವಾದಲ್ಲಿ ಸಿ.ಐ.ಡಿ. 999', ಮರು ವರ್ಷ 'ಆಪರೇಷನ್ ಜಾಕ್‌ಪಾಟ್‌ನಲ್ಲಿ ಸಿ.ಐ.ಡಿ. 999', ಬಹಳ ದಿನದ ಮೇಲೆ 1978ರಲ್ಲಿ 'ಆಪರೇಷನ್ ಡೈಮಂಡ್ ರಾಕೆಟ್'. ಬಾಂಡನಿಗೆ ಏಳಾದರೆ ನಮ್ಮವನಿಗೆ ಮೂರು ಒಂಬತ್ತು! ಅದಕ್ಕಿಂತ ದೊಡ್ಡ ಮೂರಂಕಿಯೇ ಇಲ್ಲ. ಎಣಿಕೆ ಬಾರದವನಿಗೂ ಅದರ ಗತ್ತು ತಿಳಿಯುತ್ತಿತ್ತು.

ನಮ್ಮ ತಾತಂದಿರು ಟೆಂಟಿನ ನೆಲದಲ್ಲಿ ಮರಳು ಗುಡ್ಡೆ ಮಾಡಿಕೊಂಡು ಕೂತು 999ನನ್ನು ನೋಡಿದಾಗ ನಗಲಿಲ್ಲ. ಯಾಕೆ ನಗಬೇಕು? ಕೇರಿಯ ಗೋಡೆಗಳ ಮೇಲೆ ಸೂಟು, ಟೈ ಹಾಕಿಕೊಂಡು ನಿಂತಿದ್ದವರು ಬಾಬಾಸಾಹೇಬರು. ಸೂಟು ಅನ್ನೋದು ನಮಗೆ ಲಂಡನ್ನಿನ ಸೊತ್ತಾಗಿರಲಿಲ್ಲ. ಅದು 'ನಾವೂ ಎದೆಯೆತ್ತಿ ನಿಂತೇವು' ಅನ್ನೋ ಬಟ್ಟೆ. ಅದಕ್ಕೇ ಅಣಕ ಚಿತ್ರಗಳು ಸೂಟಿನ ಮೇಲೆ ಮೊದಲ ನಗೆ ಎಬ್ಬಿಸುವಾಗ ನಮಗೆ ಎಲ್ಲೋ ಒಂದು ಕಡೆ ಚುಚ್ಚುತ್ತದೆ. ನಮ್ಮಲ್ಲೊಬ್ಬನ ಚಿಕ್ಕಪ್ಪ ಮೈಸೂರಿನ ಹಾಸ್ಟೆಲಿನಿಂದ ಪ್ಯಾಂಟು ಹಾಕಿ ಕಪ್ಪು ಕನ್ನಡಕ ಇಟ್ಟುಕೊಂಡು ಊರಿಗೆ ಬಂದಾಗ ಅರಳಿಕಟ್ಟೆ ಮೇಲಿನವರು ಕೇಳಿದ್ದು 'ಏನ್ಲಾ, ಸಿ.ಐ.ಡಿ. ಆಗ್ಬುಟ್ಯಾ?' ಅಂತ. ಕಟ್ಟೆಯೆಲ್ಲ ನಕ್ಕಿತು. ಚಿಕ್ಕಪ್ಪ ಕನ್ನಡಕ ತೆಗೆದು ಜೇಬಿಗಿಟ್ಟುಕೊಂಡರು. ಆಮೇಲೆ ಊರೊಳಗೆ ಅದನ್ನು ಹಾಕಲೇ ಇಲ್ಲ. ಇದೂ ಪತ್ತೇದಾರನ ಅಣಕವೇ, ಟಿಕೇಟಿಲ್ಲದೆ ನಡೆದದ್ದು. ಸಿನಿಮಾದ ಅಣಕದಲ್ಲಿ ಮೇಲಿದ್ದವನು ಕೆಳಗೆ ಬೀಳ್ತಾನೆ, ಕಟ್ಟೆಯ ಅಣಕದಲ್ಲಿ ಏಳೋಕೆ ಹೊರಟವನನ್ನು ಕೆಡವುತ್ತಾರೆ. ಬಾಯಿ ತೆರೆದಾಗ ಎರಡೂ ನಗು ಒಂದೇ ಥರ ಕಾಣುತ್ತವೆ. ನಗುತ್ತಿರುವವನು ಎಲ್ಲಿ ಕೂತಿದ್ದಾನೆ ಅಂತ ನೋಡಬೇಕು.

ಈಗ ಕುಳ್ಳನ ಹತ್ತಿರ ಬರೋಣ. 'ಜೇಡರ ಬಲೆ'ಯಾಗಿ ನಾಲ್ಕು ವರ್ಷಕ್ಕೆ, 1972ರಲ್ಲಿ, ಕೆ.ಎಸ್.ಎಲ್. ಸ್ವಾಮಿ ನಿರ್ದೇಶನದಲ್ಲಿ 'ಕುಳ್ಳ ಏಜೆಂಟ್ 000' ಬಂತು. ಹೆಸರೇ ಅರ್ಧ ಅಣಕ ಮುಗಿಸಿಬಿಡುತ್ತದೆ. ಒಂಬತ್ತು ಹೋಯಿತು, ಏಳು ಹೋಯಿತು, ಉಳಿದದ್ದು ಸೊನ್ನೆ. ನಾಯಕನಾಗಲು ಬೇಕಾದ ಎತ್ತರವಿಲ್ಲ, ಮೈಕಟ್ಟಿಲ್ಲ, ಆದರೂ ನಂಬರು ಹಾಕಿಕೊಂಡು ಬಂದ. ಇಲಾಖೆ ಕೊಟ್ಟ ನಂಬರಲ್ಲ, ತಾನೇ ಬರಕೊಂಡದ್ದು ಅನ್ನಿಸುವ ನಂಬರು. ಅದೇ ವರ್ಷ ಮುಖ್ಯಮಂತ್ರಿಯಾದ ಅರಸರು ಹಿಂದುಳಿದವರ ಲೆಕ್ಕ ಹಿಡಿಯೋಕೆ ಎಲ್.ಜಿ. ಹಾವನೂರರ ಆಯೋಗ ನೇಮಿಸಿದ್ದರು. ಲೆಕ್ಕಕ್ಕೇ ಇಲ್ಲದಿದ್ದವರು ಲೆಕ್ಕಕ್ಕೆ ಬರುತ್ತಿದ್ದ ಕಾಲ. ಸಿನಿಮಾ ಮಾಡಿದವರ ಮನಸ್ಸಿನಲ್ಲಿ ಇದೆಲ್ಲ ಇತ್ತು ಅಂತ ನಾವು ಹೇಳುವುದಿಲ್ಲ, ಅಂಥ ಹುಚ್ಚು ವಾದ ನಮ್ಮದಲ್ಲ. ಆದರೆ ನೆಲದಲ್ಲಿ ಕೂತು ನೋಡಿದವರಿಗೆ ಸೊನ್ನೆ ಅನ್ನೋದು ಪರಿಚಯದ ಅಂಕಿ. ಮಾರ್ಕ್ಸ್ ಕಾರ್ಡಿನಲ್ಲಿ, ಪಹಣಿಯಲ್ಲಿ, ಗೌಡರ ಲೆಕ್ಕದ ಪುಸ್ತಕದಲ್ಲಿ ಅವರು ಅದನ್ನು ಕಂಡಿದ್ದರು. ಒಂದರ ಪಕ್ಕ ಒಂದು ಮೂರು ಸೊನ್ನೆ ನಿಂತು ಕುಣಿಯುವುದನ್ನು ಕಂಡದ್ದು ಅದೇ ಮೊದಲು.

ದ್ವಾರಕೀಶ್ ನಮ್ಮವರಲ್ಲ. ಹುಣಸೂರಿನಲ್ಲಿ ಹುಟ್ಟಿದ ಬ್ರಾಹ್ಮಣರು. ಮೈಸೂರಿನಲ್ಲಿ ಡಿಪ್ಲೊಮಾ ಓದಿ, ಅಣ್ಣನ ಜೊತೆ ವಾಹನದ ಬಿಡಿಭಾಗಗಳ ಅಂಗಡಿ ಇಟ್ಟು, ಆಮೇಲೆ ಸಿನಿಮಾಕ್ಕೆ ಬಂದರು. ಕುಳ್ಳ ಅನ್ನೋ ಬೈಗುಳವನ್ನೇ ಎತ್ತಿ ಬಾವುಟ ಮಾಡಿಕೊಂಡರು: 'ಕೌಬಾಯ್ ಕುಳ್ಳ', 'ಸಿಂಗಾಪೂರ್‌ನಲ್ಲಿ ರಾಜಾ ಕುಳ್ಳ', 'ಪ್ರಚಂಡ ಕುಳ್ಳ'. ಅವಮಾನದ ಮಾತನ್ನು ಕಿತ್ತುಕೊಂಡು ತಮ್ಮ ಹೆಸರು ಮಾಡಿಕೊಳ್ಳುವುದು ಎಂಥ ಕೆಲಸ ಅಂತ 'ದಲಿತ' ಅನ್ನೋ ಮಾತನ್ನು ಹೊತ್ತ ನಮಗೆ ಗೊತ್ತು. ಹಾಗಂತ ಎರಡನ್ನೂ ತಕ್ಕಡಿಯಲ್ಲಿ ಸಮ ಮಾಡಲಾರೆವು. ಕುಳ್ಳ ಅಂತ ಯಾರೂ ಅವರಿಗೆ ಬಾವಿಯ ನೀರು ತಪ್ಪಿಸಲಿಲ್ಲ. ನಮ್ಮ ಕೇರಿಯಲ್ಲೂ ಕುಳ್ಳರು, ಕುಂಟರು ಇದ್ದರು. ಅವರ ಮೈಯನ್ನು ನೋಡಿ ನಗಲು ಊರಿನವರಿಗೆ ಯಾವ ಸಿನಿಮಾವೂ ಬೇಕಿರಲಿಲ್ಲ. ಮೈಯ ಮೇಲಿನ ನಗು ನಮ್ಮ ಹಾಸ್ಯ ಚಿತ್ರಗಳ ಹಳೆಯ ರೋಗ, ಕುಳ್ಳನ ಚಿತ್ರಗಳು ಅದರಿಂದ ಪಾರಾಗಿಲ್ಲ. ಹೆಣ್ಣಿನ ವಿಷಯವಂತೂ ಹೇಳುವುದೇ ಬೇಡ: ಬಾಂಡ್ ಚಿತ್ರಗಳ ತುಂಡು ಬಟ್ಟೆಯನ್ನು ಅಣಕ ಚಿತ್ರಗಳು ಅಣಕ ಅನ್ನೋ ನೆಪದಲ್ಲಿ ಹಾಗೇ ಇಟ್ಟುಕೊಂಡವು.

ಇಲ್ಲಿ ಎರಡು ಹಾಡಿನ ಮಾತು ಹೇಳಲೇಬೇಕು. 'ಕುಳ್ಳ ಏಜೆಂಟ್ 000'ಗೆ ರಾಜನ್-ನಾಗೇಂದ್ರರ ಸಂಗೀತದಲ್ಲಿ ಬೊಂಬಾಯಿಯ ಕಿಶೋರ್ ಕುಮಾರ್ ಒಂದು ಕನ್ನಡ ಹಾಡು ಹಾಡಿದರು. ಅವರಿಗೆ ಕನ್ನಡ ಬಾರದು. ಉಚ್ಚಾರ ಅಲ್ಲಲ್ಲಿ ಜಾರುತ್ತದೆ. ಅರ್ಧ ಶತಮಾನ ಕಳೆದರೂ ಆ ಹಾಡನ್ನು ಜನ ಅಕ್ಕರೆಯಿಂದ ಕೇಳ್ತಾರೆ, ನಾವೂ ಕೇಳ್ತೇವೆ. ಎಷ್ಟು ಚಂದ ಹಾಡಿದ್ದಾನಪ್ಪಾ ಪುಣ್ಯಾತ್ಮ ಅಂತಾರೆ. ಇನ್ನೊಂದು ಕಡೆ 'ಆಪರೇಷನ್ ಡೈಮಂಡ್ ರಾಕೆಟ್'ನಲ್ಲಿ ರಾಜಕುಮಾರ್ ಒಂದು ಇಂಗ್ಲಿಷ್ ಹಾಡು ಹಾಡಿದರು. ಅದು ಅಣಕದ ಚಿತ್ರ ಅಲ್ಲ, ಗಂಭೀರ ಸಿ.ಐ.ಡಿ. ಚಿತ್ರ. ಈ ಹಾಡಿನ ತುಣುಕು ವರ್ಷಗಳಿಂದ ಫೋನಿನಿಂದ ಫೋನಿಗೆ ಹಾರುತ್ತಾ ನಗೆಪಾಟಲಾಗಿದೆ. ಆಫೀಸಿನ ಹುಡುಗರು ಟೇಬಲ್ಲು ಕುಟ್ಟಿ ಅದನ್ನು ಅಣಕಿಸುತ್ತಾರೆ. ಅಭಿಮಾನದಿಂದ ಹಾಡುವವರೂ ಇದ್ದಾರೆ, ಇಲ್ಲ ಅನ್ನಲ್ಲ. ಆದರೆ ಲೆಕ್ಕ ಹಾಕಿ ನೋಡಿ: ಅಣಕದ ಚಿತ್ರದ ಹಾಡನ್ನು ಯಾರೂ ಅಣಕಿಸಲಿಲ್ಲ, ಗಂಭೀರ ಚಿತ್ರದ ಹಾಡು ಅಣಕಕ್ಕೆ ಬಿತ್ತು. ಕನ್ನಡ ಬಾರದವನು ಕನ್ನಡ ಹಾಡಿದರೆ ಉಪಕಾರ, ಶಾಲೆ ಬಿಟ್ಟವನು ಇಂಗ್ಲಿಷ್ ಹಾಡಿದರೆ ತಮಾಷೆ! ಇಂಟರ್‌ವ್ಯೂಗಳಲ್ಲಿ ನಮ್ಮ ಇಂಗ್ಲಿಷ್ ಕೇಳಿ ಮೇಜಿನ ಆಚೆ ಬದಿ ಹುಬ್ಬು ಹಾರಿಸಿದ್ದನ್ನು ನೋಡಿರುವ ನಾವು ಈ ನಗುವಿನಲ್ಲಿ ಸೇರಲಾರೆವು. ಅಪ್ಪ ಅಮ್ಮ ಹೆಬ್ಬೆಟ್ಟು ಒತ್ತಿದ ಮನೆಯಿಂದ ಬಂದು, ಡಿಗ್ರಿ ಹಿಡಿದು, ಬಾಯಿ ತೆರೆದ ಕೂಡಲೇ ನಾವು 'ಆಪರೇಷನ್ ಡೈಮಂಡ್ ರಾಕೆಟ್' ಆಗಿಬಿಡುತ್ತೇವೆ.

ಪತ್ತೇದಾರಿಕೆ ಅನ್ನೋದೇ ನಮಗೆ ಹೊಸದಲ್ಲ. ನಮ್ಮಲ್ಲೊಬ್ಬನ ಮುತ್ತಾತ ಊರ ತೋಟಿ. ಅಮಲ್ದಾರರು ಬರ್ತಾರೆ ಅಂದರೆ ಮುಂದಿನ ಊರಿಗೆ ಓಡಿ ಸುದ್ದಿ ಮುಟ್ಟಿಸಬೇಕು, ರಾತ್ರಿ ಕಣ ಕಾಯಬೇಕು, ದನ ಕಳುವಾದರೆ ಹೆಜ್ಜೆ ಹಿಡಿದು ಹೋಗಬೇಕು, ಹೊಲದ ಎಲ್ಲೆಯ ತಕರಾರು ಬಂದರೆ ಕಲ್ಲು ಎಲ್ಲಿತ್ತು ಅಂತ ತೋರಿಸಬೇಕು. ಊರಿನ ಗುಟ್ಟೆಲ್ಲ ಬಲ್ಲವನು, ಊರೊಳಗೆ ಕಾಲಿಡುವಾಗ ಚಪ್ಪಲಿ ಕೈಲಿ ಹಿಡಿದವನು. ಅವನಿಗೆ ನಂಬರು ಇರಲಿಲ್ಲ. ಒಂದು ಕೋಲು, ಒಂದು ಕಂಬಳಿ, ಸುಗ್ಗಿಯಲ್ಲಿ ಮೊರದಷ್ಟು ರಾಗಿ. ವಂಶದಿಂದ ವಂಶಕ್ಕೆ ಇಳಿದು ಬರುತ್ತಿದ್ದ ಈ ಚಾಕರಿಯನ್ನು ಕಿತ್ತುಹಾಕೋಕೆ 1961ರಲ್ಲಿ ಗ್ರಾಮ ಹುದ್ದೆಗಳ ರದ್ದತಿ ಕಾಯಿದೆ ತರಬೇಕಾಯಿತು. 'ಜೇಡರ ಬಲೆ' ಬಂದದ್ದು ಅದಾಗಿ ಏಳು ವರ್ಷಕ್ಕೆ. ಕಾಯುವ ಕೆಲಸ ನಮ್ಮದಾಗಿದ್ದಾಗ ಅದು ಬಿಟ್ಟಿ ಚಾಕರಿ, ಸೂಟು ಹಾಕಿದವನ ಕೈಗೆ ಹೋದಾಗ ಸಾಹಸ.

ಕಾಯುವವರಾದ ನಾವು ಹೀಗೆ. ಕಾಯಿಸಿಕೊಂಡವರ ಕತೆ ಇನ್ನೂ ಕಹಿ. ಅಪರಾಧಿ ಬುಡಕಟ್ಟುಗಳ ಕಾಯಿದೆಯಲ್ಲಿ ಹುಟ್ಟುತ್ತಲೇ ಕಳ್ಳರು ಅಂತ ಬರೆಸಿಕೊಂಡ ಕೊರಚ, ಗಂಟಿಚೋರರಂಥ ಜನ ಹೊತ್ತುಹೊತ್ತಿಗೆ ಪೊಲೀಸರ ಮುಂದೆ ಹಾಜರಿ ಹೇಳಬೇಕಾಗಿತ್ತು. ಹುಬ್ಬಳ್ಳಿ, ಗದಗಿನಲ್ಲಿ ಅವರನ್ನು ಕೂಡಿಹಾಕಿದ ಜಾಗಗಳಿಗೆ 'ಸೆಟ್ಲ್‌ಮೆಂಟ್' ಅನ್ನೋ ಹೆಸರು ಹಾಗೇ ಉಳಿಯಿತು. ಕಾಯಿದೆ ರದ್ದಾದದ್ದು 1952ರಲ್ಲಿ. ಠಾಣೆಯವರ ಕಣ್ಣು ರದ್ದಾಯಿತೇ? ಕಳುವಾದರೆ ಜೀಪು ಮೊದಲು ಯಾವ ಓಣಿಗೆ ಬರುತ್ತದೆ ಅಂತ ಆ ಓಣಿಯವರನ್ನೇ ಕೇಳಿ. ಅಂಥ ಓಣಿಯಲ್ಲಿ ಬೆಳೆದವನಿಗೆ, ತೆರೆಯ ಮೇಲೆ ಪತ್ತೇದಾರ ತನ್ನ ದುರ್ಬೀನನ್ನು ತಿರುಗಾಮುರುಗಾ ಹಿಡಿದು, ಬೇರೆಯವರಿಗೆ ತೋಡಿದ ಗುಂಡಿಗೆ ತಾನೇ ಬಿದ್ದರೆ ಬರುವ ನಗು ಹೊಟ್ಟೆಯಾಳದ್ದು. ಕಾಯುವ ಕಣ್ಣಿಗೂ ಮಂಜು ಕವಿಯುತ್ತದೆ, ಅದೂ ತಪ್ಪು ಬಾಗಿಲು ತಟ್ಟುತ್ತದೆ ಅಂತ ಅವನಿಗೆ ಮೊದಲೇ ಗೊತ್ತು. ಬೇರೆಯವರೂ ನೋಡಿದರಲ್ಲ ಅನ್ನೋದು ಅವನ ಖುಷಿ. ಇಂಥ ಚಿತ್ರಗಳು ನಮ್ಮ ಜನರನ್ನು ಸೆಳೆಯುವುದು ಇಲ್ಲಿ.

ಆ ಖುಷಿ ಎಷ್ಟು ಹೊತ್ತು ಅಂತ ಕೇಳಿದರೆ, ಕೊನೆಯ ಹತ್ತು ನಿಮಿಷದ ತನಕ. ಮುಗ್ಗರಿಸುತ್ತಿದ್ದ ಪತ್ತೇದಾರ ಕೊನೆಗೆ ಅಕಸ್ಮಾತ್ತಾಗಿ ಗೆದ್ದೇ ಗೆಲ್ತಾನೆ. ಗೆದ್ದು ಅದೇ ಇಲಾಖೆಯ ಕೈಲಿ ಹಾರ ಹಾಕಿಸಿಕೊಳ್ತಾನೆ. ಜಾನಿ ಇಂಗ್ಲಿಷ್‌ಗಂತೂ ರಾಣಿಯೇ ನೈಟ್ ಪದವಿ ಕೊಡ್ತಾಳೆ. ಮಲಯಾಳದ 'ಸಿ.ಐ.ಡಿ. ಮೂಸಾ' (2003), ಅದನ್ನೇ ಕನ್ನಡಕ್ಕೆ ತಂದು ಜಗ್ಗೇಶ್ ನಟಿಸಿದ 'ಸಿ.ಐ.ಡಿ. ಈಶ' (2013) ಇದೇ ಜಾಡಿನವು. ಪೊಲೀಸಾಗುವ ಆಸೆ ಕೈಗೂಡದ ಪೇದೆ ಮನೆಯ ಹುಡುಗ ಸ್ವಂತ ಪತ್ತೇದಾರಿ ಅಂಗಡಿ ತೆರೆಯುತ್ತಾನೆ. ಅಲ್ಲಿಯವರೆಗೆ ನಾವು ಅವನ ಕಡೆ. ಆದರೆ ಅವನು ಬಯಸೋದೇನು? ಅದೇ ಖಾಕಿಯ ಶಹಬ್ಬಾಸ್. ಇಲಾಖೆಯ ಮೇಲೆ ನಕ್ಕಂತೆ ಮಾಡಿ ಇಲಾಖೆಗೇ ನಮಸ್ಕಾರ ಹಾಕಿಸುವುದು ಈ ಚಿತ್ರಗಳ ಉಪಾಯ. ನಕ್ಕು ಹಗುರಾದ ಜನ ಹೊರಗೆ ಬಂದು, ಠಾಣೆ ಮುಂದೆ ಹಾಯುವಾಗ ಮತ್ತೆ ತಲೆತಗ್ಗಿಸಿ ನಡೀತಾರೆ.

ಈ ಸಾಲಿನಲ್ಲಿ ನಮಗೆ ಹೆಚ್ಚು ಹಿಡಿಸಿದ್ದು 2019ರ 'ಬೆಲ್ ಬಾಟಂ'. ಟಿ.ಕೆ. ದಯಾನಂದ್ ಕತೆ, ಜಯತೀರ್ಥ ನಿರ್ದೇಶನ, ರಿಷಬ್ ಶೆಟ್ಟಿ ನಾಯಕ. ಎಂಬತ್ತರ ದಶಕದ ಕತೆ. ಪತ್ತೇದಾರಿ ಪುಸ್ತಕ ಓದಿ ತಲೆ ಕೆಡಿಸಿಕೊಂಡ ದಿವಾಕರ ಪೇದೆಯಾಗುತ್ತಾನೆ. ಕಳವು ಆಗೋದು ಎಲ್ಲಿ? ಪೊಲೀಸ್ ಠಾಣೆಗಳಲ್ಲೇ! ಕಳ್ಳರಿಂದ ಹಿಡಿದು ತಂದಿಟ್ಟ ಮಾಲೇ ಠಾಣೆಯಿಂದ ಮಾಯವಾಗುತ್ತದೆ. ಕಾಯುವವರ ಮನೆಗೇ ಕನ್ನ ಬೀಳುವ ಈ ಒಂದು ತಿರುವಿಗೆ ನಾವು ಕೈ ಮುಗಿದೆವು. ಜೊತೆಗೆ ಈ ಚಿತ್ರ ನರಸಿಂಹಯ್ಯನವರ ಪುಸ್ತಕದ ಕಾಲವನ್ನೂ ರಾಜಕುಮಾರರ 999ನನ್ನೂ ನೆನೆದು ನಗುತ್ತದೆಯೇ ಹೊರತು ಅವರನ್ನು ನೋಡಿ ನಗುವುದಿಲ್ಲ. ಆ ಪುಸ್ತಕ ಓದಿಯೇ ಅಕ್ಷರದ ರುಚಿ ಹತ್ತಿಸಿಕೊಂಡವರ ಮಕ್ಕಳಿಗೆ ಈ ವ್ಯತ್ಯಾಸ ದೊಡ್ಡದು.

ಆದರೂ ಒಂದು ಮಾತು. 'ಬೆಲ್ ಬಾಟಂ' ಠಾಣೆ ತಮಾಷೆಯ ಜಾಗ. ನಾವು ಕಂಡ ಠಾಣೆಯಲ್ಲಿ ತಮಾಷೆ ಇರಲಿಲ್ಲ. ತಮಿಳುನಾಡಿನಲ್ಲಿ 1993ರಲ್ಲಿ ನಡೆದ ಲಾಕಪ್ ಸಾವಿನ ಕೇಸಿನ ಮೇಲೆ ನಿಂತ 'ಜೈ ಭೀಮ್' (2021) ನೋಡುವಾಗ ನಮ್ಮ ಕೋಣೆಯಲ್ಲಿ ಯಾರೂ ಮಾತಾಡಲಿಲ್ಲ, ಮಧ್ಯದಲ್ಲಿ ಒಬ್ಬ ಎದ್ದು ಹೊರಗೆ ಹೋದ. ಆ ಠಾಣೆಯನ್ನು ಒಳಗಿನಿಂದ ಕಂಡವರೇ ಬರೆದ ಅಣಕದ ಚಿತ್ರ ಕನ್ನಡದಲ್ಲಿ ಇನ್ನೂ ಬರಬೇಕಾಗಿದೆ. ಅದರಲ್ಲಿ ನಗು ಎಲ್ಲಿ ಬರಬೇಕು, ಎಲ್ಲಿ ಗಂಟಲಲ್ಲೇ ನಿಲ್ಲಬೇಕು ಅಂತ ಅವರಿಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಇಲ್ಲಿ ತ್ಯಾಗರಾಜನಗರದಲ್ಲೇ ಕತೆ ಬಿದ್ದಿದೆ, ಯಾರು ಬೇಕಾದರೂ ಎತ್ತಿಕೊಳ್ಳಲಿ: 'ಸಿಸಿಟಿವಿ ಕಣ್ಗಾವಲಿದೆ' ಅನ್ನೋ ಬೋರ್ಡಿನ ಕೆಳಗೆ, ಗುಟ್ಟಾಗಿ ಮೊಟ್ಟೆ ಸಿಪ್ಪೆ ಸಾಗಿಸುವ ಮೂವರು ಪದವೀಧರರು.

ಹೋದ ದೀಪಾವಳಿ ರಜೆಯಲ್ಲಿ ಊರಿಗೆ ಹೋಗಲು ಬಸ್ಸಿಗೆ ದುಡ್ಡು ಸಾಲದೆ ಕೋಣೆಯಲ್ಲೇ ಉಳಿದಿದ್ದೆವು. ಸಂಜೆ 'ಬೆಲ್ ಬಾಟಂ' ಹಾಕಿಕೊಂಡು ಕೂತಾಗ ಕೆಳಗಿನ ಮನೆಯಿಂದಲೂ ಜೋರಾಗಿ ನಗು ಕೇಳಿಬಂತು. ಅವರೂ ಏನೋ ನೋಡ್ತಿದ್ದರು. ಸ್ವಲ್ಪ ಹೊತ್ತಿಗೆ ಯಜಮಾನರು ಮೆಟ್ಟಿಲು ಹತ್ತಿ ಬಂದರು. ನಮ್ಮಲ್ಲೊಬ್ಬ ಬ್ಯಾಗನ್ನು ಕಾಲಿನಿಂದ ಮಂಚದಡಿಗೆ ತಳ್ಳಿದ. ಅವರು ಹಬ್ಬದ ಕಜ್ಜಾಯದ ತಟ್ಟೆಯನ್ನು ಹ್ಯಾಂಡಲ್ಲಿಗೆ ಕೈ ತಾಗದ ಹಾಗೆ ಬಾಗಿಲ ಹೊರಗೆ ನೆಲದ ಮೇಲಿಟ್ಟು, 'ಏನ್ರಪ್ಪಾ ಅಷ್ಟೊಂದು ನಗ್ತಿದ್ದೀರಿ, ಏನು ನೋಡ್ತಿದ್ದೀರಿ?' ಅಂತ ಕೇಳಿದರು.

'ಪತ್ತೇದಾರಿ ಸಿನಿಮಾ ಸಾರ್' ಅಂದೆವು.